ಬಾಳೆಹಣ್ಣು ಕೊಟ್ಟಿತು, ಹಿಪ್ಪುನೇರಳೆ ಕೊಡಲಿಲ್ಲ: ಡಿಎನ್‌ಎ ಬೇರ್ಪಡಿಸುವ ರಾಸಾಯನಿಕಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪ್ರಾಯೋಗಿಕ ತರಗತಿಗೆ ಡಿಎನ್‌ಎ ಬೇರ್ಪಡಿಸುವ ಪ್ರಯೋಗ ಬಂದಾಗಲೆಲ್ಲ ನಾನು ಬಾಳೆಹಣ್ಣನ್ನೇ ತರುತ್ತಿದ್ದೆ. ಪಠ್ಯದಲ್ಲಿ ಪಾಲಕ್ ಸೊಪ್ಪು, ಹಸಿ ಬಟಾಣಿ, ಪಪ್ಪಾಯಿ ಎಂದೆಲ್ಲ ಇದೆ. ಬಾಳೆಹಣ್ಣು ಮೆತ್ತಗಿರುತ್ತದೆ, ಅಗ್ಗವಾಗಿ ಸಿಗುತ್ತದೆ, ಮೋಸ ಮಾಡುವುದಿಲ್ಲ. ಈ ಸಲ ಬೈರಾಪಟ್ಟಣದ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಪ್ಪುನೇರಳೆ ಕಡ್ಡಿಗಳನ್ನು ತಂದು ಮೇಜಿನ ಮೇಲಿಟ್ಟ. "ಮೇಡಂ, ನಮ್ಮ ತೋಟದ್ದು. ಇದರಲ್ಲೂ ಡಿಎನ್‌ಎ ಇರುತ್ತಲ್ವಾ, ಇದರಿಂದ ತೆಗೆಯೋಣ" ಎಂದ. ಬೇಡ ಎನ್ನಲು ಕಾರಣ ತೋಚಲಿಲ್ಲ. ಎರಡು ಗುಂಪಿಗೆ ಬಾಳೆಹಣ್ಣು, ಮೂರು ಗುಂಪಿಗೆ ಹಿಪ್ಪುನೇರಳೆ ಎಲೆ ಕೊಟ್ಟೆ. ಎಲ್ಲರಿಗೂ ವಿಧಾನ ಒಂದೇ.

ಅರ್ಧ ಗಂಟೆಯ ನಂತರ ಬಾಳೆಹಣ್ಣಿನ ಪ್ರನಾಳದಲ್ಲಿ ಬಿಳಿಯ ಎಳೆಗಳು ತೇಲಿ ಬಂದವು. ಹಿಪ್ಪುನೇರಳೆಯ ಪ್ರನಾಳದಲ್ಲಿದ್ದದ್ದು ಕಂದು ಬಣ್ಣದ ಲೋಳೆ. ಗಾಜಿನ ಕಡ್ಡಿ ಅದ್ದಿ ತಿರುಗಿಸಿದರೆ ಏನೂ ಸುತ್ತಿಕೊಳ್ಳಲಿಲ್ಲ, ಶೀತವಾದಾಗಿನ ಮೂಗಿನಂತೆ ಜಾರಿ ಬಿತ್ತು. ಮರುವಾರ ರೆಕಾರ್ಡ್ ಪುಸ್ತಕಗಳು ನನ್ನ ಮೇಜಿಗೆ ಬಂದಾಗ ಹಿಪ್ಪುನೇರಳೆಯ ಮೂರೂ ಗುಂಪಿನವರು "ಬಿಳಿಯ ನೂಲಿನಂತಹ ಡಿಎನ್‌ಎ ಕಂಡುಬಂದಿತು" ಎಂದು ಬರೆದಿದ್ದರು. ಕರೆದು ಕೇಳಿದೆ. "ಮೇಡಂ, ಪುಸ್ತಕದಲ್ಲಿ ಹಾಗೇ ಇದೆ" ಎಂದರು.

ಆ ಮೂರು ಪುಟಗಳಿಗೆ ನಾನು ಸಹಿ ಹಾಕಲಿಲ್ಲ. ಆದರೆ ತಪ್ಪು ಅವರದೊಂದೇ ಅಲ್ಲ ಎಂದು ಆ ಸಂಜೆ ಅನಿಸಿತು. ಉಪ್ಪು ಹಾಕಿ, ಶಾಂಪೂ ಹಾಕಿ, ಸ್ಪಿರಿಟ್ ಸುರಿಯಿರಿ ಎಂದು ಅಡುಗೆಯ ಹಾಗೆ ಹೇಳಿಕೊಟ್ಟವಳು ನಾನು. ಯಾವುದು ಏಕೆ ಎಂದು ತಿಳಿಯದವನಿಗೆ ಕಂದು ಲೋಳೆ ಬಂದಾಗ ಪುಸ್ತಕದ ಉತ್ತರವೊಂದೇ ಗತಿ. ಈ ಲೇಖನ ಆ ಬಾಕಿ ತೀರಿಸುವುದಕ್ಕಾಗಿ.

ಮೊದಲು ಒಂದು ಮಾತು. ಡಿಎನ್‌ಎಯನ್ನು ಯಾವ ರಾಸಾಯನಿಕವೂ "ತಯಾರಿಸುವುದಿಲ್ಲ". ಅದು ಕೋಶದೊಳಗೆ ಆಗಲೇ ಇದೆ. ಅದರ ಸುತ್ತ ಇರುವುದನ್ನು ಒಂದೊಂದಾಗಿ ತೆಗೆಯುವುದಷ್ಟೇ ನಮ್ಮ ಕೆಲಸ. ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ಮನೆಯವರು ರಾಮನಗರದಲ್ಲಿ ರೀಲರ್‌ಗಳು. "ಅಬ್ಬಾ ಗೂಡನ್ನು ಬಿಸಿನೀರಿಗೆ ಹಾಕ್ತಾರಲ್ಲ ಮೇಡಂ, ಹಾಗಾ?" ಎಂದಳು. ಹೌದು, ಹಾಗೆಯೇ. ರೇಷ್ಮೆಗೂಡಿನಲ್ಲಿ ಫೈಬ್ರೋಯಿನ್ ಎಂಬ ಎಳೆಯನ್ನು ಸೆರಿಸಿನ್ ಎಂಬ ಅಂಟು ಹಿಡಿದುಕೊಂಡಿರುತ್ತದೆ. ಬಿಸಿನೀರಿನಲ್ಲಿ ಅಂಟು ಸಡಿಲಾದರೆ ಮಾತ್ರ ಎಳೆಯ ತುದಿ ಸಿಗುತ್ತದೆ. ಮುಂದೆ ಸೋಪು, ಸೋಡಾ ಹಾಕಿ ಕುದಿಸಿ ಉಳಿದ ಅಂಟನ್ನೂ ತೆಗೆಯುತ್ತಾರೆ. ಒಂದು ಗೂಡಿನ ಎಳೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ. ಎಂಟು ಹತ್ತು ಗೂಡಿನ ಎಳೆ ಸೇರಿಸಿದಾಗ ನೂಲಾಗುತ್ತದೆ. ಡಿಎನ್‌ಎ ಅದಕ್ಕಿಂತ ಎಷ್ಟೋ ಪಟ್ಟು ಸಣ್ಣದು, ದಪ್ಪ 2 ನ್ಯಾನೊಮೀಟರ್. ನಮ್ಮ ಒಂದು ಕೋಶದ ಡಿಎನ್‌ಎಯನ್ನು ತುದಿಗೆ ತುದಿ ಜೋಡಿಸಿದರೆ ಸುಮಾರು 2.2 ಮೀಟರ್ ಆಗುತ್ತದೆ ಎಂದು ನಿಮ್ಮ ಪುಸ್ತಕದಲ್ಲೇ ಲೆಕ್ಕವಿದೆ. ಪ್ರನಾಳದಲ್ಲಿ ಕಾಣುವ ಬಿಳಿ ಎಳೆ ಕೋಟಿಗಟ್ಟಲೆ ಅಣುಗಳು ಒಟ್ಟಾಗಿ ಮುದ್ದೆಯಾಗಿರುವುದು.

ಈಗ ಕೋಶದ ಹೊರಗಿನಿಂದ ಒಳಗೆ ಹೋಗೋಣ. ಸಸ್ಯಕೋಶದ ಮೊದಲ ಅಡ್ಡಿ ಸೆಲ್ಯುಲೋಸಿನ ಕೋಶಭಿತ್ತಿ. ಇದನ್ನು ಒರಳಿನಲ್ಲಿ ಅರೆದು ಒಡೆಯುತ್ತೇವೆ. ಸೆಲ್ಯುಲೇಸ್ ಕಿಣ್ವ ಇದ್ದರೆ ಅದು ಕರಗಿಸುತ್ತದೆ. ಬ್ಯಾಕ್ಟೀರಿಯಕ್ಕಾದರೆ ಲೈಸೋಜೈಮ್, ಶಿಲೀಂಧ್ರಕ್ಕಾದರೆ ಕೈಟಿನೇಸ್. ಭಿತ್ತಿಯ ವಸ್ತು ಬೇರೆಯಾದ್ದರಿಂದ ಕಿಣ್ವವೂ ಬೇರೆ, ಅಷ್ಟೇ. ಪರೀಕ್ಷೆಯಲ್ಲಿ ಪ್ರತಿವರ್ಷ ಕಾಣುವ ತಪ್ಪೊಂದಿದೆ: "ಮಾರ್ಜಕವು ಕೋಶಭಿತ್ತಿಯನ್ನು ಕರಗಿಸುತ್ತದೆ." ಇಲ್ಲ. ಶಾಂಪೂವಿನಿಂದ ಸೆಲ್ಯುಲೋಸ್ ಕರಗುವುದಾದರೆ, ಅದೂ ಸೆಲ್ಯುಲೋಸೇ ಆದ ನಮ್ಮ ಹತ್ತಿಬಟ್ಟೆ ಒಂದೇ ಒಗೆತಕ್ಕೆ ಮಾಯವಾಗುತ್ತಿತ್ತು.

ಮಾರ್ಜಕದ ಕೆಲಸ ಕೋಶಪೊರೆ ಮತ್ತು ಕೋಶಕೇಂದ್ರದ ಪೊರೆಯ ಮೇಲೆ. ಈ ಪೊರೆಗಳು ಫಾಸ್ಫೋಲಿಪಿಡ್‌ನವು, ಅಂದರೆ ಜಿಡ್ಡಿನ ಜಾತಿ. ಮಾರ್ಜಕದ ಅಣುವಿಗೆ ನೀರನ್ನು ಬಯಸುವ ತಲೆ, ಜಿಡ್ಡನ್ನು ಬಯಸುವ ಬಾಲ. ಬಿರಿಯಾನಿ ಪಾತ್ರೆಯ ಜಿಡ್ಡನ್ನು ಎತ್ತಿ ನೀರಿನ ಜೊತೆ ಕಳಿಸುವ ಹಾಗೆಯೇ ಪೊರೆಯನ್ನು ಚೂರು ಚೂರಾಗಿ ಎತ್ತಿಕೊಂಡು ಹೋಗುತ್ತದೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ಬಳಸುವುದು ಸೋಡಿಯಂ ಡೋಡೆಸಿಲ್ ಸಲ್ಫೇಟ್; ಇದರ ಹತ್ತಿರದ ನೆಂಟರೇ ನಿಮ್ಮ ಶಾಂಪೂವಿನಲ್ಲಿ ಇರುವುದು. ಇದಕ್ಕೆ ಇನ್ನೊಂದು ಕೆಲಸವೂ ಇದೆ. ಪ್ರೋಟೀನುಗಳ ಮಡಿಕೆ ಬಿಡಿಸಿ, ಡಿಎನ್‌ಎಯನ್ನು ಸುತ್ತಿ ಹಿಡಿದಿರುವ ಹಿಸ್ಟೋನ್‌ಗಳ ಹಿಡಿತವನ್ನೂ ಸಡಿಲಿಸುತ್ತದೆ.

ಹಿಸ್ಟೋನ್ ಮತ್ತಿತರ ಪ್ರೋಟೀನುಗಳನ್ನು ಪೂರ್ತಿ ಒಡೆಯಲು ಪ್ರೋಟಿಯೇಸ್ ಕಿಣ್ವ. ನಮ್ಮಲ್ಲಿ ಅದರ ಬಾಟಲಿ ಇಲ್ಲ, ಆದರೆ ನಿಮ್ಮ ಮನೆಯಲ್ಲಿದೆ. ಕಬಾಬಿನ ಮಾಂಸಕ್ಕೆ ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರಲ್ಲ, ಅದರಲ್ಲಿರುವ ಪಪೈನ್ ಒಂದು ಪ್ರೋಟಿಯೇಸ್. ಮಾಂಸವನ್ನು ಮೆತ್ತಗೆ ಮಾಡುವುದು ಅದೇ. ಅನಾನಸಿನ ರಸವೂ ಆಗುತ್ತದೆ. ರಸವನ್ನು ಕುದಿಸಬಾರದು, ಕುದಿಸಿದರೆ ಕಿಣ್ವ ಕೆಟ್ಟು ಹೋಗುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ. ಡಿಎನ್‌ಎಯನ್ನು ಮೊಟ್ಟಮೊದಲು ಬೇರ್ಪಡಿಸಿದವನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಷರ್. 1869ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ಊರಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ. ಆಸ್ಪತ್ರೆಯಿಂದ ತಂದ, ಕೀವು ಹತ್ತಿದ ಬ್ಯಾಂಡೇಜುಗಳಿಂದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದ. ಪ್ರೋಟೀನು ತೊಲಗಿಸಲು ಅವನು ಬಳಸಿದ್ದೂ ಪ್ರೋಟಿಯೇಸನ್ನೇ, ಪ್ರಾಣಿಯ ಜಠರದಿಂದ ತೆಗೆದ ಪೆಪ್ಸಿನ್. ಅದಕ್ಕೂ ಜಗ್ಗದೆ ಉಳಿದ, ರಂಜಕ ಹೆಚ್ಚಾಗಿದ್ದ ವಸ್ತುವಿಗೆ ನ್ಯೂಕ್ಲಿನ್ ಎಂದು ಹೆಸರಿಟ್ಟು 1871ರಲ್ಲಿ ಪ್ರಕಟಿಸಿದ. ಅದು ಆನುವಂಶಿಕ ವಸ್ತು ಎಂದು ಲೋಕ ಒಪ್ಪಲು ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು.

ಪೊರೆ ಒಡೆದ ಕೂಡಲೇ ಒಂದು ಅಪಾಯ ಎದುರಾಗುತ್ತದೆ. ಕೋಶದೊಳಗೆ ಡಿಎನ್‌ಎಯನ್ನೇ ತುಂಡರಿಸುವ ಡಿಎನ್‌ಏಸ್ ಎಂಬ ಕಿಣ್ವಗಳಿವೆ. ಕೋಶ ಇಡಿಯಾಗಿದ್ದಾಗ ಅವು ತಮ್ಮ ತಮ್ಮ ಜಾಗದಲ್ಲಿರುತ್ತವೆ. ಅರೆದಾಗ ಎಲ್ಲ ಬೆರೆಯುತ್ತದೆ. ಇವುಗಳಲ್ಲಿ ಬಹುಪಾಲು ಕೆಲಸ ಮಾಡಲು ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಅಯಾನು ಬೇಕು. ಇಡಿಟಿಎ ಆ ಅಯಾನುಗಳನ್ನು ಹಿಡಿದು ಕಟ್ಟಿಹಾಕುತ್ತದೆ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಅದಕ್ಕೆ ಕಾರಣ ಇವೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ನೀರಿನ ಗಡಸುತನ ಅಳೆಯಲು ರಸಾಯನಶಾಸ್ತ್ರದವರು ಇಡಿಟಿಎಯನ್ನೇ ಬಳಸುತ್ತಾರೆ. ಎರಡೂ ಕಡೆ ಒಂದೇ ಕೆಲಸ. ಅರೆದ ರಸವನ್ನು 60 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡುವುದೂ ಈ ಕಿಣ್ವಗಳನ್ನು ಕುಗ್ಗಿಸಲಿಕ್ಕೆ, ಜೊತೆಗೆ ಮಾರ್ಜಕದ ಕೆಲಸ ಚುರುಕಾಗಲಿಕ್ಕೆ. ಕುದಿಯುವ ನೀರಿಗೆ ಇಟ್ಟರೆ ಡಿಎನ್‌ಎಯ ಎರಡು ಎಳೆಗಳೇ ಬೇರೆಯಾಗುತ್ತವೆ. ಇನ್ನು ಟ್ರಿಸ್ ಬಫರ್, ಪಿಎಚ್ 8. ಸಸ್ಯಕೋಶದ ರಸಧಾನಿಯಲ್ಲಿರುವ ಆಮ್ಲ ಹೊರಬಂದು ದ್ರಾವಣ ಹುಳಿಯಾದರೆ ಡಿಎನ್‌ಎ ಹಾಳಾಗುತ್ತದೆ, ಬಫರ್ ಅದನ್ನು ತಡೆಯುತ್ತದೆ.

ಉಪ್ಪು ಮತ್ತು ಸ್ಪಿರಿಟನ್ನು ಒಟ್ಟಿಗೇ ಅರ್ಥಮಾಡಿಕೊಳ್ಳಬೇಕು, ಬೇರೆ ಬೇರೆಯಾಗಿ ಕಲಿತರೆ ಎರಡೂ ಅರ್ಥವಾಗುವುದಿಲ್ಲ. ಡಿಎನ್‌ಎಯ ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟ್ ಗುಂಪುಗಳಿವೆ, ಪ್ರತಿಯೊಂದಕ್ಕೂ ಋಣ ವಿದ್ಯುದಂಶ. ಹೀಗಾಗಿ ಒಂದು ಡಿಎನ್‌ಎ ಅಣು ಇನ್ನೊಂದನ್ನು ದೂರ ತಳ್ಳುತ್ತದೆ, ನೀರಿನ ಅಣುಗಳು ಅದನ್ನು ಸುತ್ತುವರಿಯುತ್ತವೆ, ಅದು ಕರಗಿಯೇ ಇರುತ್ತದೆ. ಉಪ್ಪಿನ ಸೋಡಿಯಂ ಧನ ಅಯಾನು. ಅದು ಫಾಸ್ಫೇಟಿನ ಹತ್ತಿರ ಹೋಗಿ ಋಣಾಂಶವನ್ನು ತಣಿಸಬೇಕು. ಆದರೆ ನೀರು ಬಿಡುವುದಿಲ್ಲ. ಧನ ಮತ್ತು ಋಣದ ನಡುವಿನ ಸೆಳೆತವನ್ನು ದುರ್ಬಲಗೊಳಿಸುವ ಗುಣ ನೀರಿಗೆ ಬಹಳ ಹೆಚ್ಚು: ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಎಥನಾಲಿನದು ಸುಮಾರು 25. ಸ್ಪಿರಿಟ್ ಬೆರೆತಲ್ಲಿ ನೀರಿನ ಈ ಅಡ್ಡಿ ಕಡಿಮೆಯಾಗಿ ಸೋಡಿಯಂ ಫಾಸ್ಫೇಟಿಗೆ ಅಂಟುತ್ತದೆ, ಅಣುಗಳ ನಡುವಿನ ತಳ್ಳಾಟ ನಿಂತು ಒಂದಕ್ಕೊಂದು ಕೂಡಿಕೊಂಡು ದ್ರಾವಣದಿಂದ ಹೊರಬರುತ್ತವೆ. "ಎಥನಾಲ್ ಡಿಎನ್‌ಎಯನ್ನು ಕರಗಿಸುತ್ತದೆ" ಎಂದು ಬರೆದವರು ಸರಿಯಾಗಿ ತಲೆಕೆಳಗು ಬರೆದಿದ್ದಾರೆ. ಉಪ್ಪು ಹಾಕದೆ ಬರೀ ಸ್ಪಿರಿಟ್ ಸುರಿದರೆ ಎಳೆ ಚೆನ್ನಾಗಿ ಬರುವುದಿಲ್ಲ. ಬಿಡುವಿದ್ದಾಗ ಮಾಡಿ ನೋಡಿ.

ಸ್ಪಿರಿಟನ್ನು ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡುವುದು ಕಿಣ್ವಗಳು ಏಳದಿರಲಿ ಮತ್ತು ಡಿಎನ್‌ಎ ಇನ್ನೂ ಕಡಿಮೆ ಕರಗಲಿ ಎಂದು. ಪ್ರನಾಳವನ್ನು ಓರೆ ಹಿಡಿದು ಗೋಡೆಗುಂಟ ಮೆಲ್ಲಗೆ ಇಳಿಸಬೇಕು. ಅದು ನೀರಿಗಿಂತ ಹಗುರ, ಮೇಲೆ ಪದರವಾಗಿ ನಿಲ್ಲುತ್ತದೆ. ಎರಡು ಪದರ ಸೇರುವ ಜಾಗದಲ್ಲೇ ಎಳೆ ಹುಟ್ಟುವುದು. ಕುಲುಕಿದರೆ ಪದರವೂ ಹೋಯಿತು, ಉದ್ದನೆಯ ಎಳೆಗಳೂ ತುಂಡಾದವು. ಆಮೇಲೆ ಗಾಜಿನ ಕಡ್ಡಿಯಿಂದ ಒಂದೇ ದಿಕ್ಕಿಗೆ ನಿಧಾನವಾಗಿ ಸುತ್ತಿಕೊಳ್ಳಬೇಕು. ಪುಸ್ತಕ ಇದನ್ನು ಸ್ಪೂಲಿಂಗ್ ಎನ್ನುತ್ತದೆ. ರೀಲರ್ ಮನೆಯ ಆ ಹುಡುಗಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ, ಮೊದಲ ಸಲವೇ ಅವಳ ಕೈ ಸರಿಯಾಗಿ ತಿರುಗಿತು.

ಸ್ಪಿರಿಟ್ ಎಂದಾಗ ಪ್ರತಿವರ್ಷ ಒಬ್ಬರಾದರೂ ಮೆಲ್ಲಗೆ ಬಂದು, ಇದನ್ನು ಮುಟ್ಟಬಹುದಾ ಎಂದು ಕೇಳುತ್ತಾರೆ. ಧರ್ಮದ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅದನ್ನು ಬಲ್ಲವರು, ನಾನಲ್ಲ. ರಸಾಯನಶಾಸ್ತ್ರದ ಉತ್ತರ ಇಷ್ಟು: ನಮ್ಮ ಪ್ರಯೋಗಾಲಯದಲ್ಲಿ ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಅದು ಪಾನೀಯದ ಎಥನಾಲ್ ಅಲ್ಲ, ಕುಡಿದರೆ ವಿಷ. ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿಕೊಂಡ ಎಷ್ಟೋ ಸ್ಯಾನಿಟೈಸರ್‌ಗಳಲ್ಲಿ ಇದ್ದದ್ದು ಇದೇ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರುವಂತೆ "ಶೀತಲ ಎಥನಾಲ್" ಎಂದು ಬರೆಯಿರಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹಿಪ್ಪುನೇರಳೆ ಏಕೆ ಕೈಕೊಟ್ಟಿತು? ಆ ವಿದ್ಯಾರ್ಥಿ ತಂದ ಕಡ್ಡಿ ಎಂ-5 ತಳಿಯದು. ಅದರ ಇನ್ನೊಂದು ಹೆಸರು ಕಣ್ವ-2. ಹೆಸರು ಎಲ್ಲಿಂದ ಬಂತು ಎಂದು ಕೇಳಿದೆ, ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಸರ್ಕಾರಿ ರೇಷ್ಮೆ ಕ್ಷೇತ್ರದಲ್ಲಿ ಆಯ್ಕೆಯಾದ ತಳಿ ಅದು. ಹಳೆಯ ಮೈಸೂರು ಸ್ಥಳೀಯ ತಳಿಗಿಂತ ಹೆಚ್ಚು ಎಲೆ ಕೊಟ್ಟಿದ್ದರಿಂದ ರಾಜ್ಯದ ತುಂಬ ಹರಡಿತು. ಮುಂದೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿ-1 ಬಂದಿತು. ಹಿಪ್ಪುನೇರಳೆಯನ್ನು ಕಡ್ಡಿ ನೆಟ್ಟು ಬೆಳೆಸುವುದರಿಂದ, ಒಂದು ಎಂ-5 ಗಿಡದ ಡಿಎನ್‌ಎ ಎಲ್ಲ ಎಂ-5 ಗಿಡಗಳ ಡಿಎನ್‌ಎಯೇ. ನರ್ಸರಿಯವರು ಒಂದು ತಳಿ ಎಂದು ಹೇಳಿ ಇನ್ನೊಂದರ ಕಡ್ಡಿ ಕೊಟ್ಟರೆ ಎಳೆ ಸಸಿಯನ್ನು ನೋಡಿ ರೈತನಿಗೆ ಗೊತ್ತಾಗುವುದು ಕಷ್ಟ. ಡಿಎನ್‌ಎ ಗುರುತುಗಳಿಂದ ಗೊತ್ತಾಗುತ್ತದೆ. ಆದರೆ ಗುರುತು ನೋಡಲು ಮೊದಲು ಶುದ್ಧ ಡಿಎನ್‌ಎ ಕೈಗೆ ಬರಬೇಕು. ಹಾಗಾಗಿ ಹುಡುಗನ ಪ್ರಶ್ನೆ ಸಣ್ಣದಾಗಿರಲಿಲ್ಲ.

ಎಲೆಯ ತೊಟ್ಟು ಮುರಿದರೆ ಹಾಲು ಒಸರುವುದನ್ನು ನೀವು ನೋಡಿದ್ದೀರಿ. ಈ ಎಲೆಯಲ್ಲಿ ಲೋಳೆಯ ಪಾಲಿಸ್ಯಾಕರೈಡ್‌ಗಳೂ ಪಾಲಿಫೀನಾಲ್‌ಗಳೂ ಹೆಚ್ಚು. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಅದಕ್ಕೇ ಅಮ್ಮಂದಿರು ನೀರಿಗೆ ಹಾಕುತ್ತಾರೆ. ಕೋಶ ಒಡೆದಾಗ ಪಾಲಿಫೀನಾಲ್ ಗಾಳಿಯ ಆಮ್ಲಜನಕದೊಂದಿಗೆ, ಕಿಣ್ವದ ನೆರವಿನಿಂದ ಸೇರಿ ಕ್ವಿನೋನ್ ಆಗುತ್ತದೆ. ಹೆಚ್ಚಿದ ಬದನೆಯಲ್ಲಿ ಕಾಣುವ ಕಪ್ಪು ಅದೇ. ನಮ್ಮ ಒರಳಿನಲ್ಲೂ ಅದೇ ನಡೆಯಿತು. ಅಷ್ಟಕ್ಕೇ ನಿಲ್ಲದೆ ಕ್ವಿನೋನ್ ಡಿಎನ್‌ಎಗೂ ಪ್ರೋಟೀನಿಗೂ ಅಂಟಿಕೊಂಡು ಬಿಡುತ್ತದೆ. ಇತ್ತ ಪಾಲಿಸ್ಯಾಕರೈಡ್‌ಗಳೂ ಸ್ಪಿರಿಟ್ ಬಿದ್ದಾಗ ಡಿಎನ್‌ಎಯಂತೆಯೇ ದ್ರಾವಣದಿಂದ ಹೊರಬರುತ್ತವೆ. ಆ ಕಂದು ಲೋಳೆ ಎಂದರೆ ಈ ಎರಡರ ಜಗಳದ ಫಲ.

ದೊಡ್ಡ ಪ್ರಯೋಗಾಲಯಗಳಲ್ಲಿ ಇಂಥ ಎಲೆಗಳಿಗೆ ಬೇರೆ ಮಾರ್ಜಕವಿದೆ, ಸಿಟಿಎಬಿ. 1987ರಲ್ಲಿ ಡಾಯ್ಲ್ ದಂಪತಿ ಪ್ರಕಟಿಸಿದ ವಿಧಾನವನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಉಪ್ಪಿನಾಂಶ ಹೆಚ್ಚಿರುವಾಗ ಸಿಟಿಎಬಿ ಪಾಲಿಸ್ಯಾಕರೈಡ್‌ಗಳನ್ನು ಹಿಡಿದುಕೊಳ್ಳುತ್ತದೆ, ಡಿಎನ್‌ಎಯನ್ನು ದ್ರಾವಣದಲ್ಲೇ ಬಿಡುತ್ತದೆ. ಪಿವಿಪಿ ಎಂಬ ಪುಡಿ ಪಾಲಿಫೀನಾಲ್‌ಗಳನ್ನು ಹೀರಿಕೊಳ್ಳುತ್ತದೆ. ಬೀಟಾ ಮರ್ಕ್ಯಾಪ್ಟೋಇಥನಾಲ್ ಉತ್ಕರ್ಷಣೆ ತಡೆಯುತ್ತದೆ. ಅದರ ವಾಸನೆ ಒಮ್ಮೆ ಕುಡಿದವರು ಮರೆಯುವುದಿಲ್ಲ. ಪ್ರೋಟೀನು ಬೇರ್ಪಡಿಸಲು ಕ್ಲೋರೋಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್ 24:1. ಇವೆರಡನ್ನೂ ಪಿಯು ಮಕ್ಕಳ ಕೈಗೆ ನಾನು ಕೊಡಲಾರೆ.

ನಮ್ಮಲ್ಲಿರುವುದರಲ್ಲೇ ಎರಡನೆಯ ಸಲ ಪ್ರಯತ್ನಿಸಿದೆವು. ಬಲಿತ ಎಲೆಯ ಬದಲು ತುದಿಯ ಎಳೆ ಎಲೆ. ಪಿಷ್ಟ ಕಡಿಮೆಯಾಗಲೆಂದು ಕಡ್ಡಿಗಳನ್ನು ನೀರಿನಲ್ಲಿ ನಿಲ್ಲಿಸಿ ಒಂದು ರಾತ್ರಿ ಕತ್ತಲಲ್ಲಿಟ್ಟೆವು. ಒರಳನ್ನು ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿದೆವು. ಉಪ್ಪನ್ನು 1.4 ಮೋಲಾರ್‌ಗೆ ಏರಿಸಿದೆವು: 58.5ನ್ನು 1.4ರಿಂದ ಗುಣಿಸಿದರೆ ಲೀಟರಿಗೆ ಸುಮಾರು 82 ಗ್ರಾಂ, ನಮ್ಮ 100 ಮಿಲೀಗೆ 8.2 ಗ್ರಾಂ. ರಸಾಯನಶಾಸ್ತ್ರ ವಿಭಾಗದಿಂದ ಇಡಿಟಿಎ ಕೇಳಿ ತಂದು 0.74 ಗ್ರಾಂ ಹಾಕಿದೆವು, ಅಂದರೆ 20 ಮಿಲಿಮೋಲಾರ್. ಮರ್ಕ್ಯಾಪ್ಟೋಇಥನಾಲಿನ ಬದಲು ಚಿಟಿಕೆ ಆಸ್ಕಾರ್ಬಿಕ್ ಆಮ್ಲ, ಅದರ ಹುಳಿ ಸರಿದೂಗಿಸಲು ಚಿಟಿಕೆ ಅಡುಗೆ ಸೋಡಾ. ಪಿವಿಪಿ ಇರಲಿಲ್ಲ.

ರಸ ಈ ಸಲ ಹಸಿರಾಗಿಯೇ ಉಳಿಯಿತು. ಸ್ಪಿರಿಟ್ ಹಾಕಿದಾಗ ಲೋಳೆ ಇತ್ತು, ಆದರೆ ಅದರ ನಡುವೆ ಎರಡು ಮೂರು ಎಳೆ ಕಡ್ಡಿಗೆ ಸುತ್ತಿಕೊಂಡವು, ಬಿಳಿಯಲ್ಲ, ಮಾಸಲು ಹಸಿರು. ಇದು ಡಿಎನ್‌ಎಯೇ ಎಂದು ಹೇಗೆ ಹೇಳುವುದು? ಡೈಫಿನೈಲ್ ಅಮೈನ್ ಪರೀಕ್ಷೆ ಮಾಡಿದೆವು. ಆಮ್ಲದಲ್ಲಿ ಕರಗಿಸಿದ ಆ ರಾಸಾಯನಿಕದ ಜೊತೆ ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಡಿಎನ್‌ಎಯ ಡಿಆಕ್ಸಿರೈಬೋಸ್ ನೀಲಿ ಬಣ್ಣ ಕೊಡುತ್ತದೆ, ಆರ್‌ಎನ್‌ಎ ಕೊಡುವುದಿಲ್ಲ. ಬಾಳೆಹಣ್ಣಿನದು ನೀಲಿಯಾಯಿತು. ಮೊದಲ ಸಲದ ಹಿಪ್ಪುನೇರಳೆ ಲೋಳೆಯನ್ನು ಎತ್ತಿಟ್ಟಿದ್ದೆ, ಅದರ ಕಂದಿನಲ್ಲಿ ಏನೂ ತಿಳಿಯಲಿಲ್ಲ. ಎರಡನೆಯದರಲ್ಲಿ ಬಿಳಿ ಕಾಗದ ಹಿಂದೆ ಹಿಡಿದು ನೋಡಿದರೆ ಕಾಣುವಷ್ಟು ತೆಳು ನೀಲಿ.

ಬಾಳೆಹಣ್ಣಿನ ಬಿಳಿ ಎಳೆಯೂ ಶುದ್ಧವೇನಲ್ಲ. ಅದರಲ್ಲಿ ಆರ್‌ಎನ್‌ಎ ಇದೆ, ಅದನ್ನು ತೆಗೆಯಲು ರೈಬೋನ್ಯೂಕ್ಲಿಯೇಸ್ ಬೇಕು. ಸ್ವಲ್ಪ ಪ್ರೋಟೀನೂ ಇರುತ್ತದೆ. ಸಂಶೋಧಕರು ದ್ರಾವಣದ ಮೂಲಕ ನೇರಳಾತೀತ ಬೆಳಕು ಹಾಯಿಸಿ 260 ಮತ್ತು 280 ನ್ಯಾನೊಮೀಟರಿನಲ್ಲಿ ಎಷ್ಟು ಹೀರಲ್ಪಟ್ಟಿತು ಎಂದು ನೋಡುತ್ತಾರೆ. ಎರಡರ ಅನುಪಾತ 1.8ರ ಆಸುಪಾಸು ಇದ್ದರೆ ಡಿಎನ್‌ಎಯಲ್ಲಿ ಪ್ರೋಟೀನು ಹೆಚ್ಚು ಉಳಿದಿಲ್ಲ ಎಂದರ್ಥ. ನಮ್ಮಲ್ಲಿ ಆ ಯಂತ್ರವಿಲ್ಲ.

ಆ ಮೂರು ಗುಂಪಿನವರು ಪುಟ ಬದಲಿಸಿ ಬರೆದರು. ಬೈರಾಪಟ್ಟಣದ ಹುಡುಗನ ರೆಕಾರ್ಡಿನಲ್ಲಿ ಈಗ ಹೀಗಿದೆ: "ಮೊದಲ ಪ್ರಯತ್ನ: ಕಂದು ಲೋಳೆ, ಎಳೆ ಬರಲಿಲ್ಲ. ಕಾರಣ: ಪಾಲಿಫೀನಾಲ್ ಉತ್ಕರ್ಷಣೆ, ಪಾಲಿಸ್ಯಾಕರೈಡ್. ಎರಡನೆಯ ಪ್ರಯತ್ನ: ಮಾಸಲು ಎಳೆ, ಡೈಫಿನೈಲ್ ಅಮೈನ್ ಜೊತೆ ತೆಳು ನೀಲಿ." ಅದಕ್ಕೆ ಪೂರ್ಣ ಅಂಕ ಕೊಟ್ಟಿದ್ದೇನೆ. ಬಾಳೆಹಣ್ಣಿನ ಗುಂಪಿನ ಒಬ್ಬ ಬಂದು "ಮೇಡಂ, ನಮಗೆ ಚೆನ್ನಾಗಿ ಬಂದರೂ ಅಷ್ಟೇ ಅಂಕಾನಾ?" ಎಂದು ಜಗಳಕ್ಕೆ ನಿಂತ. ಅವನ ರೆಕಾರ್ಡಿನಲ್ಲಿ ಉಪ್ಪು ಏಕೆ ಹಾಕಿದರು ಎಂಬುದಕ್ಕೆ "ರುಚಿಗೆ ತಕ್ಕಷ್ಟು" ಎಂದು ತಮಾಷೆಗೆ ಬರೆದಿದ್ದನ್ನು ನಾನು ನೋಡಿದ್ದೆ. ತೋರಿಸಿದೆ, ಸುಮ್ಮನೆ ಹೋದ.

ಪಿವಿಪಿ ಪುಡಿಗೆ ಬೇಡಿಕೆ ಬರೆದು ಕೊಟ್ಟಿದ್ದೇನೆ. ಬಂದ ಮೇಲೆ ಎಂ-5 ಮತ್ತು ವಿ-1 ಎರಡನ್ನೂ ಜೊತೆಗಿಟ್ಟು ಮಾಡೋಣ. ಎಲೆ ತರುವವರು ತುದಿಯಿಂದ ಎರಡನೆಯ, ಮೂರನೆಯ ಎಲೆಯನ್ನೇ ಬಿಸಿಲೇರುವ ಮೊದಲು ಕಡ್ಡಿ ಸಮೇತ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಔಷಧಿ ಹೊಡೆದ ತೋಟದ್ದು ಬೇಡ.